ಕುಳಿ ತೋಡುವ ಮುನ್ನ

ಆಷಾಢದ ಮಳೆ ಎರಡು ದಿನ ಬಿಡುವು ಕೊಟ್ಟಿತ್ತು. ಮೂಡುಬಿದಿರೆಯ ಸಮೀಪದ ಊರೊಂದರಲ್ಲಿ ಶ್ರಾವಕರೊಬ್ಬರು ತಮ್ಮ ಮನೆಯ ಹಿತ್ತಲಿನಲ್ಲಿ ಚೆಂಡುಹೂವಿನ ಸಸಿಗಳನ್ನು ನೆಡಲು ಅಣಿಯಾಗಿದ್ದರು. ಈಗ ನೆಟ್ಟರೆ ಭಾದ್ರಪದದ ದಶಲಕ್ಷಣ ಪರ್ವದ ಹೊತ್ತಿಗೆ ಗಿಡ ಹೂ ಬಿಡುತ್ತದೆ, ಬಸದಿಯ ಪೂಜೆಗೆ ಮನೆಯ ಹೂವನ್ನೇ ಒಯ್ಯಬಹುದು ಎಂಬುದು ಅವರ ಆಸೆ. ಸಸಿಗಳು ಐವತ್ತು. ಬೆನ್ನುನೋವಿನಿಂದಾಗಿ ಗುದ್ದಲಿ ಹಿಡಿದು ಬಾಗುವುದು ಅವರಿಗೆ ಕಷ್ಟ. ಅಷ್ಟು ಸಣ್ಣ ಕೆಲಸಕ್ಕೆ ಆಳು ಸಿಗುವುದು ಇನ್ನೂ ಕಷ್ಟ. ಹೀಗಾಗಿ ಕೈಯಲ್ಲಿ ಹಿಡಿಯುವ ಡ್ರಿಲ್ ಯಂತ್ರಕ್ಕೆ ಸಿಕ್ಕಿಸುವಂಥ ಆಗರ್ ಒಂದನ್ನು ಕೊಂಡು ತಂದಿದ್ದರು. ಬಡಗಿಯ ಬೈರಿಗೆಯನ್ನೇ ಹಿಗ್ಗಿಸಿದಂತೆ, ಉದ್ದನೆಯ ಉಕ್ಕಿನ ತಿರುಪು ಅದು. ಗುಂಡಿ ಒತ್ತಿದರೆ ತಿರುಗುತ್ತ ಮಣ್ಣೊಳಗೆ ಇಳಿಯುತ್ತದೆ, ಮೇಲೆತ್ತಿದರೆ ಮಣ್ಣನ್ನು ಹೊತ್ತು ತರುತ್ತದೆ. ನಿಂತಲ್ಲೇ ಇಪ್ಪತ್ತು ಕುಳಿಗಳು ಹತ್ತು ನಿಮಿಷದೊಳಗೆ ಸಿದ್ಧವಾದವು.

ಹಿತ್ತಲ ಜಗಲಿಯಲ್ಲಿ ಕುಳಿತಿದ್ದ ಅವರ ವೃದ್ಧ ತಾಯಿ ಆಗ ಮಗನನ್ನು ಕರೆದರು. “ಮಗಾ, ಆ ತಿರುಪಿಗೆ ಸುತ್ತಿಕೊಂಡದ್ದು ಬೇರಲ್ಲ, ಸರಿಯಾಗಿ ನೋಡು” ಎಂದರು. ಮಗ ಯಂತ್ರವನ್ನು ನಿಲ್ಲಿಸಿ ನೋಡಿದರು. ಅದು ಎರೆಹುಳು. ತುಂಡಾಗಿತ್ತು, ಇನ್ನೂ ಹೊರಳುತ್ತಿತ್ತು. ತಾಯಿ ಗದರಲಿಲ್ಲ. “ಬಸದಿಗೆ ಹೂ ಬೇಕು, ಸರಿ. ಆದರೆ ಇಷ್ಟು ಅವಸರ ಯಾಕೆ?” ಎಂದಷ್ಟೇ ಕೇಳಿದರು. ಉಳಿದ ಮೂವತ್ತು ಸಸಿಗಳು ಬುಟ್ಟಿಯಲ್ಲಿ ಹಾಗೆಯೇ ಉಳಿದವು.

ಈ ಪ್ರಶ್ನೆ ಒಂದು ಮನೆಯದಲ್ಲ. ಕೃಷಿಯನ್ನೋ ಹೂದೋಟವನ್ನೋ ಇಟ್ಟುಕೊಂಡ ಪ್ರತಿಯೊಬ್ಬ ಅಹಿಂಸಾಪ್ರಿಯನ ಮುಂದೆಯೂ ಇಂದು ಇದು ನಿಂತಿದೆ. ಇದಕ್ಕೆ ಸುಲಭವಾಗಿ ದೊರೆಯುವ ಉತ್ತರಗಳು ಎರಡು, ಮತ್ತು ಎರಡೂ ಸರಿಯಲ್ಲ. ಗಿಡ ನೆಡುವುದು ಪುಣ್ಯಕಾರ್ಯ, ಅದರಲ್ಲಿಯೂ ಪೂಜೆಯ ಹೂವಿಗಾಗಿ, ಆದ್ದರಿಂದ ನಡುವೆ ಏನು ಸತ್ತರೂ ದೋಷವಿಲ್ಲ ಎನ್ನುವುದು ಮೊದಲನೆಯದು. ಮಣ್ಣು ಅಗೆದರೆ ಪಾಪ, ಆದ್ದರಿಂದ ಶ್ರಾವಕನು ತೋಟದ ಗೊಡವೆಗೇ ಹೋಗಬಾರದು ಎನ್ನುವುದು ಎರಡನೆಯದು. ಮೊದಲನೆಯದು ಉದ್ದೇಶವನ್ನು ಮುಂದಿಟ್ಟು ಕಣ್ಣು ಮುಚ್ಚಿಕೊಳ್ಳುತ್ತದೆ. ಎರಡನೆಯದು ಗೃಹಸ್ಥನಿಗೆ ಮುನಿಯ ವ್ರತವನ್ನು ಹೊರಿಸಿ, ತಾನು ಉಣ್ಣುವ ಅನ್ನವನ್ನು ಬೇರೆ ಯಾರೋ ಅಗೆದ ನೆಲದಿಂದ ತರಿಸಿಕೊಳ್ಳುತ್ತದೆ.

ಜಿನಧರ್ಮ ಗೃಹಸ್ಥನಿಗೆ ತೋರಿಸಿದ ದಾರಿ ಇವೆರಡರ ನಡುವಿನದು. ಪ್ರಥಮ ತೀರ್ಥಂಕರ ವೃಷಭದೇವನು ಪ್ರಜೆಗಳಿಗೆ ಬದುಕಿನ ಆರು ಕರ್ಮಗಳನ್ನು ಬೋಧಿಸಿದನೆಂದು ಪುರಾಣಗಳು ಹೇಳುತ್ತವೆ: ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ. ಇವುಗಳಲ್ಲಿ ಕೃಷಿಯೂ ಇದೆ. ನೆಲವನ್ನು ಮುಟ್ಟಲೇಬಾರದೆಂಬುದು ಆಶಯವಾಗಿದ್ದರೆ ಆದಿದೇವನು ಕೃಷಿಯನ್ನು ಕಲಿಸುತ್ತಿರಲಿಲ್ಲ. ಆಚಾರ್ಯರು ಹಿಂಸೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಕೊಲ್ಲಬೇಕೆಂದೇ ಕೊಲ್ಲುವುದು ಸಂಕಲ್ಪೀ ಹಿಂಸೆ. ಅಡುಗೆ, ಗುಡಿಸುವುದು, ಮನೆ ಕಟ್ಟುವುದು ಮೊದಲಾದ ಗೃಹಕೃತ್ಯಗಳಲ್ಲಿ ಆಗುವುದು ಆರಂಭೀ ಹಿಂಸೆ. ಬೇಸಾಯ, ವ್ಯಾಪಾರ ಮುಂತಾದ ಜೀವನೋಪಾಯದಲ್ಲಿ ಆಗುವುದು ಉದ್ಯೋಗೀ ಹಿಂಸೆ. ಆತ್ಮರಕ್ಷಣೆಗಾಗಿ ಆಗುವುದು ವಿರೋಧೀ ಹಿಂಸೆ. ಶ್ರಾವಕನು ಮೊದಲನೆಯದನ್ನು ಪೂರ್ತಿಯಾಗಿ ತ್ಯಜಿಸಬೇಕು. ಉಳಿದ ಮೂರು ಅವನಿಗೆ ಅನಿವಾರ್ಯ. ಆದರೆ ಅನಿವಾರ್ಯವೆಂದ ಮಾತ್ರಕ್ಕೆ ನಿರ್ದೋಷವೆಂದಾಗುವುದಿಲ್ಲ. ಯತ್ನಾಚಾರದಿಂದ, ಎಂದರೆ ಎಚ್ಚರದ ನಡವಳಿಕೆಯಿಂದ, ಅವುಗಳನ್ನು ಕನಿಷ್ಠಕ್ಕೆ ಇಳಿಸುವ ಹೊಣೆ ಅವನದೇ.

ಹಿತ್ತಲಿನ ಒಂದು ಹಿಡಿ ಮಣ್ಣಿನಲ್ಲಿ ಏನಿದೆ ಎಂದು ತಿಳಿದರೆ ಈ ಹೊಣೆಯ ತೂಕ ಅರಿವಾಗುತ್ತದೆ. ಜೈನ ಜೀವವಿಚಾರದ ಪ್ರಕಾರ ಮಣ್ಣೇ ಪೃಥ್ವೀಕಾಯಿಕ ಜೀವಗಳ ಶರೀರ. ಅವು ಸ್ಪರ್ಶನವೆಂಬ ಒಂದೇ ಇಂದ್ರಿಯವುಳ್ಳ ಸ್ಥಾವರ ಜೀವಗಳು. ಅದರೊಳಗೆ ಓಡಾಡುವ ಹುಳುಗಳು ಸ್ಪರ್ಶನದ ಜೊತೆಗೆ ರಸನವನ್ನೂ ಪಡೆದ ದ್ವೀಂದ್ರಿಯಗಳು. ಇರುವೆ ತ್ರೀಂದ್ರಿಯ. ಮಣ್ಣಿನ ತಂಪಿನಲ್ಲಿ ಹುದುಗಿ ಕುಳಿತ ಕಪ್ಪೆ ನಮ್ಮಂತೆಯೇ ಪಂಚೇಂದ್ರಿಯ. ಕುಳಿಯೊಂದು ಇಳಿಯುವಾಗ ಅದು ಹಾದುಹೋಗುವುದು ಇಷ್ಟೊಂದು ಕುಟುಂಬಗಳ ನಡುವಿನಿಂದ.

ಎರೆಹುಳುವಿನ ಬಗ್ಗೆ ಜನರಲ್ಲಿ ಒಂದು ಸಮಾಧಾನದ ಮಾತಿದೆ. ಅದನ್ನು ಎರಡು ತುಂಡು ಮಾಡಿದರೆ ಎರಡು ಹುಳುಗಳಾಗುತ್ತವೆ ಎಂದು ಮಕ್ಕಳೂ ಹೇಳುತ್ತಾರೆ. ಇದು ನಿಜವಲ್ಲ. ತುಂಡಾದ ಜಾಗ ಅನುಕೂಲವಾಗಿದ್ದರೆ ತಲೆಯ ಭಾಗ ಬದುಕಿ ಬಾಲವನ್ನು ಮತ್ತೆ ಬೆಳೆಸಿಕೊಳ್ಳಬಹುದು. ಬಾಲದ ಭಾಗ ಸಾಮಾನ್ಯವಾಗಿ ಹೊರಳಿ ಹೊರಳಿ ಸಾಯುತ್ತದೆ. ಅನೇಕ ವೇಳೆ ಎರಡೂ ಸಾಯುತ್ತವೆ. ಆ ಹೊರಳಾಟವನ್ನು ಹೊಸ ಜೀವದ ಹುಟ್ಟೆಂದು ತಿಳಿದು ಸಮಾಧಾನಪಡುವುದು ಅಜ್ಞಾನ.

ಇಷ್ಟಾದ ಮೇಲೆ ಯಂತ್ರವೇ ಅಪರಾಧಿ ಎಂದು ತೀರ್ಪು ಕೊಡುವುದು ಸಹಜವೆನಿಸಬಹುದು. ಆದರೆ ನ್ಯಾಯವಾಗಿ ಯೋಚಿಸಬೇಕು. ಗುದ್ದಲಿಯೂ ಹುಳುವನ್ನು ಕತ್ತರಿಸುತ್ತದೆ, ಹಾರೆಯೂ ಇರುವೆಯ ಗೂಡನ್ನು ಒಡೆಯುತ್ತದೆ. ಒಂದು ಪುಟ್ಟ ಸಸಿಗಾಗಿ ಗುದ್ದಲಿ ಒಂದಡಿ ಅಗಲದ ಮಣ್ಣನ್ನು ಮಗುಚಿದರೆ, ಆಗರ್ ಮೂರು ಅಂಗುಲದ ಕುಳಿಯಲ್ಲಿ ಕೆಲಸ ಮುಗಿಸುತ್ತದೆ. ಕದಡಿದ ಮಣ್ಣಿನ ಲೆಕ್ಕ ಹಾಕಿದರೆ ಯಂತ್ರದ ಪಾಲು ಕಡಿಮೆಯೇ ಆಗಬಹುದು. ಬಾಗಲಾರದ ವೃದ್ಧರಿಗೆ, ಒಬ್ಬಂಟಿಯಾಗಿ ತೋಟ ನೋಡಿಕೊಳ್ಳುವ ಮಹಿಳೆಗೆ, ಮುರಕಲ್ಲಿನ ಗಟ್ಟಿ ನೆಲದಲ್ಲಿ ಬೆವರು ಸುರಿಸುವ ರೈತನಿಗೆ ಅದು ನಿಜವಾದ ಉಪಕಾರಿ. ಉಪಕರಣವನ್ನು ದೂಷಿಸಿ ಬಳಸುವವನನ್ನು ಬಿಟ್ಟುಬಿಡುವುದು ಜಿನಮಾರ್ಗವಲ್ಲ.

ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹಿಂಸೆಗೆ ಕೊಟ್ಟ ಲಕ್ಷಣ ಇಲ್ಲಿ ದಾರಿ ತೋರಿಸುತ್ತದೆ. ಪ್ರಾಣಹಾನಿ ಎಂಬುದಷ್ಟನ್ನೇ ಅವರು ಹಿಂಸೆ ಎನ್ನಲಿಲ್ಲ. ಪ್ರಮಾದದಿಂದ ಕೂಡಿದ ಮನಸ್ಸು, ಮಾತು, ದೇಹಗಳ ಪ್ರವೃತ್ತಿಯಿಂದ ಆದ ಪ್ರಾಣಹಾನಿಯನ್ನು ಹಿಂಸೆ ಎಂದರು. ಪ್ರಮಾದವೆಂದರೆ ಎಚ್ಚರಗೇಡಿತನ. ಹಾಗಾದರೆ ಕೇಳಬೇಕಾದ ಪ್ರಶ್ನೆ ‘ಯಾವುದರಿಂದ ಅಗೆದೆ?’ ಎಂಬುದಲ್ಲ, ‘ಯಾವ ಮನಸ್ಸಿನಿಂದ ಅಗೆದೆ?’ ಎಂಬುದು.

ಯಂತ್ರದ ತೊಡಕು ಇರುವುದೂ ಇಲ್ಲಿಯೇ. ಗುದ್ದಲಿಯಿಂದ ಅಗೆಯುವವನು ಒಂದೊಂದು ಏಟಿಗೂ ನಿಲ್ಲಬೇಕು. ಎದ್ದ ಹೆಂಟೆ ಒಡೆದು ತೆರೆದುಕೊಳ್ಳುತ್ತದೆ, ಒಳಗಿನ ಹುಳು ಕಣ್ಣಿಗೆ ಬೀಳುತ್ತದೆ, ಅದನ್ನು ಬದಿಗಿಟ್ಟು ಮುಂದಿನ ಏಟು ಹಾಕಬಹುದು. ಆಯಾಸವೇ ಅಲ್ಲಿ ವಿರಾಮವನ್ನು ಒದಗಿಸುತ್ತದೆ, ವಿರಾಮ ನೋಟವನ್ನು ಒದಗಿಸುತ್ತದೆ. ಆಗರ್ ಕೆಲಸ ಮಾಡುವುದು ಕಣ್ಣಿಗೆ ಕಾಣದ ಆಳದಲ್ಲಿ. ಕೈಗೆ ತಿಳಿಯುವುದು ಕಂಪನ ಮಾತ್ರ. ಕಲ್ಲೋ ಬೇರೋ ತಗುಲಿದರೆ ಅದು ಅಡ್ಡಿ ಮಾಡಿ ತಿಳಿಸುತ್ತದೆ, ಹುಳು ಯಾವ ಅಡ್ಡಿಯನ್ನೂ ಮಾಡುವುದಿಲ್ಲ. ಶ್ರಮವನ್ನು ಉಳಿಸುವ ಯಂತ್ರ ಶ್ರಮದ ಜೊತೆಗಿದ್ದ ನೋಟವನ್ನೂ ಕಸಿದುಕೊಂಡಿತು. ಕಸಿದುಕೊಂಡದ್ದನ್ನು ಶ್ರಾವಕನು ತನ್ನ ವಿವೇಕದಿಂದ ಮರಳಿ ತಂದುಕೊಳ್ಳಬೇಕು.

ಜೈನ ಮನೆತನಗಳು ಇಂಥ ಬದಲಾವಣೆಯನ್ನು ಈ ಮೊದಲೇ ಕಂಡಿವೆ. ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಅದೇ ಬಾವಿಗೆ ಜೋಪಾನವಾಗಿ ಮರಳಿಸುವುದು ಹಿಂದಿನಿಂದ ಬಂದ ಆಚಾರ. ಸೋಸುವುದು ಅದರ ಅರ್ಧ, ಮರಳಿಸುವುದು ಇನ್ನರ್ಧ. ಕೊಳವೆಬಾವಿ ಬಂದ ಮೇಲೆ ಸೋಸಲು ಸಾಧ್ಯವಾಯಿತೇ ಹೊರತು ಮರಳಿಸಲು ದಾರಿಯಿಲ್ಲದಂತಾಯಿತು. ಮುನಿಗಳ ಆಹಾರಕ್ಕೆ ತೆರೆದ ಬಾವಿಯ ನೀರನ್ನೇ ಹುಡುಕಿ ತರುವ ಶ್ರಾವಕರು ಇಂದಿಗೂ ಇರುವುದು ಇದೇ ಕಾರಣಕ್ಕೆ. ಯಂತ್ರವು ನೀರನ್ನು ಸುಲಭಗೊಳಿಸಿತು, ದಯೆಯನ್ನು ಕಷ್ಟಗೊಳಿಸಿತು. ಮಣ್ಣಿನ ವಿಷಯದಲ್ಲಿಯೂ ಅದೇ ಆಗುತ್ತಿದೆ.

ಇನ್ನೊಂದು ವಿಪರ್ಯಾಸವನ್ನೂ ಮರೆಮಾಚಬಾರದು. ಆಲೂಗಡ್ಡೆ, ಈರುಳ್ಳಿ, ಬೆಳ್ಳುಳ್ಳಿಗಳನ್ನು ಮುಟ್ಟದ ಮನೆಗಳು ಎಷ್ಟೋ ಇವೆ. ಗಡ್ಡೆಗಳು ಅನಂತಕಾಯಗಳು, ಅವುಗಳಲ್ಲಿ ಎಣಿಕೆಗೆ ಸಿಗದಷ್ಟು ಜೀವಗಳಿವೆ ಎಂಬ ನಂಬಿಕೆಯೇ ಈ ತ್ಯಾಗದ ಮೂಲ. ಅವುಗಳನ್ನು ಕೀಳುವಾಗ ನೆಲದೊಳಗಿನ ಹುಳುಹುಪ್ಪಟೆಗಳಿಗೂ ಆಪತ್ತು. ತಟ್ಟೆಯಲ್ಲಿ ಇಷ್ಟು ಎಚ್ಚರವಿರುವ ಮನೆ ಹಿತ್ತಲಿನಲ್ಲಿ ಮೈಮರೆತರೆ ಆ ತ್ಯಾಗ ಅಭ್ಯಾಸವಾಗಿ ಉಳಿಯುತ್ತದೆಯೇ ಹೊರತು ವ್ರತವಾಗುವುದಿಲ್ಲ. ತಟ್ಟೆಯ ಅಹಿಂಸೆಯನ್ನು ನಾಲ್ಕು ಜನ ನೋಡುತ್ತಾರೆ. ಹಿತ್ತಲಿನ ಅಹಿಂಸೆಯನ್ನು ನೋಡುವವರು ಯಾರೂ ಇಲ್ಲ. ವ್ರತದ ನಿಜವಾದ ಪರೀಕ್ಷೆ ಅಲ್ಲಿಯೇ.

ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿವರಿಸಿದ ಅನರ್ಥದಂಡವಿರತಿ ಎಂಬ ಗುಣವ್ರತ ಈ ಸಂದರ್ಭಕ್ಕೆಂದೇ ಹೇಳಿದಂತಿದೆ. ಅನರ್ಥದಂಡವೆಂದರೆ ಪ್ರಯೋಜನವಿಲ್ಲದ ಪಾಪಕ್ರಿಯೆ. ಅದರ ಐದು ಭೇದಗಳಲ್ಲಿ ಪ್ರಮಾದಚರ್ಯೆ ಒಂದು. ನಿಷ್ಪ್ರಯೋಜಕವಾಗಿ ನೆಲವನ್ನು ಕೆದಕುವುದು, ನೀರು ಚೆಲ್ಲುವುದು, ಬೆಂಕಿ ಹಚ್ಚುವುದು, ಗಿಡ ಕಡಿಯುವುದು ಇದರಲ್ಲಿ ಸೇರುತ್ತವೆ. ಹಾರೆ ಹಿಡಿದವನು ಪ್ರಯೋಜನವಿಲ್ಲದೆ ಕುಳಿ ತೋಡುವುದಿಲ್ಲ, ಅವನ ತೋಳೇ ಅದನ್ನು ತಡೆಯುತ್ತದೆ. ಆಗರ್ ಹಿಡಿದವನಿಗೆ ಆ ತಡೆಯಿಲ್ಲ. ಹೊಸದಾಗಿ ತಂದ ದಿನ ಅದರ ಬಲವನ್ನು ನೋಡಲೆಂದೇ ಅಲ್ಲೊಂದು ಇಲ್ಲೊಂದು ಕುಳಿ ಕೊರೆಯುವುದು, ಹನ್ನೆರಡು ಸಸಿ ಸಾಕಾಗುವಲ್ಲಿ ಐವತ್ತು ತರುವುದು, ಮುಂದೆಂದೋ ಬೇಕಾದೀತೆಂದು ಸಾಲುಸಾಲಾಗಿ ತೋಡಿಡುವುದು, ಇವೆಲ್ಲ ಸುಲಭವಾದ್ದರಿಂದ ಮಾತ್ರ ನಡೆಯುವ ಕೆಲಸಗಳು. ಅನಿವಾರ್ಯವಾದ ಆರಂಭೀ ಹಿಂಸೆ ಅನರ್ಥದಂಡವಾಗಿ ಮಾರ್ಪಡುವುದು ಈ ಗಡಿಯಲ್ಲಿ.

ಅದೇ ಗ್ರಂಥದಲ್ಲಿ ಹಿಂಸಾದಾನವೆಂಬ ಇನ್ನೊಂದು ಭೇದವಿದೆ. ಹಿಂಸೆಗೆ ಕಾರಣವಾಗುವ ಉಪಕರಣಗಳನ್ನು ಇತರರಿಗೆ ಕೊಡುವುದು ಅದು. ಕೊಡಲಿ, ಖಡ್ಗಗಳ ಜೊತೆಗೆ ಅಲ್ಲಿ ನೆಲ ಅಗೆಯುವ ಸಲಕರಣೆಯೂ ಎಣಿಕೆಗೊಂಡಿದೆ ಎಂಬುದು ಗಮನಾರ್ಹ. ಪಕ್ಕದ ಮನೆಯವರು ಒಂದು ದಿನದ ಮಟ್ಟಿಗೆ ಆಗರ್ ಕೇಳಿದರೆ ಏನು ಮಾಡಬೇಕು? ಕೊಡಲಾರೆನೆಂದರೆ ನೆರೆಹೊರೆಯ ಸೌಹಾರ್ದ ಕೆಡುತ್ತದೆ. ಸುಮ್ಮನೆ ಕೊಟ್ಟುಬಿಟ್ಟರೆ ಅದರಿಂದಾಗುವುದರಲ್ಲಿ ತನಗೂ ಪಾಲಿದೆ. ಏತಕ್ಕೆಂದು ವಿಚಾರಿಸಿ, ಬಳಸುವ ಬಗೆಯನ್ನು ತಿಳಿಸಿ, ಸಾಧ್ಯವಾದರೆ ಜೊತೆಗೆ ಹೋಗಿ ನಿಂತು ಕೊಡುವುದು ಗೃಹಸ್ಥನಿಗೆ ಒಪ್ಪುವ ನಡೆ. ಉಪಕರಣದೊಂದಿಗೆ ಎಚ್ಚರವನ್ನೂ ಕೊಟ್ಟರೆ ಅದು ಹಿಂಸೆಯ ದಾನವಾಗದೆ ಉಳಿದೀತು.

ಕಾಲದ ವಿವೇಕವೂ ಬೇಕು. ಮುನಿಗಳು ಆಷಾಢದಿಂದ ನಾಲ್ಕು ತಿಂಗಳು ವಿಹಾರವನ್ನು ನಿಲ್ಲಿಸಿ ಒಂದೆಡೆ ನೆಲೆಸುತ್ತಾರೆ. ಮಳೆಗಾಲದಲ್ಲಿ ನೆಲದ ತುಂಬ ಜೀವಸಂಚಾರ ಹೆಚ್ಚುವುದೇ ಚಾತುರ್ಮಾಸಕ್ಕೆ ಕಾರಣ. ಗೃಹಸ್ಥನ ತೋಟಗಾರಿಕೆ ಆರಂಭವಾಗುವುದೂ ಅದೇ ಮಳೆಗಾಲದಲ್ಲಿ. ಮುನಿಯು ಹೆಜ್ಜೆಯನ್ನೂ ಹಿಂತೆಗೆಯುವ ಹೊತ್ತಿನಲ್ಲಿ ಗೃಹಸ್ಥನು ಗುದ್ದಲಿ ಎತ್ತುತ್ತಾನೆ. ಈ ವಿರೋಧವನ್ನು ಪೂರ್ತಿಯಾಗಿ ಅಳಿಸಲು ಸಾಧ್ಯವಿಲ್ಲ. ಸಸಿಗೆ ಮಳೆ ಬೇಕು. ಆದರೆ ಅಷ್ಟಮಿ, ಚತುರ್ದಶಿಗಳಂದು ಅಗೆಯದಿರಬಹುದು. ಜಡಿಮಳೆ ಬಿದ್ದೊಡನೆ ಹುಳುಗಳು ಮೇಲ್ಮಣ್ಣಿಗೆ ಬಂದಿರುವ ಹೊತ್ತನ್ನು ಬಿಟ್ಟು, ನೆಲ ಒಂದಿಷ್ಟು ಆರಿದ ಮೇಲೆ ಕೆಲಸಕ್ಕಿಳಿಯಬಹುದು. ತುಳುನಾಡಿನಲ್ಲಿ ಕೆಡ್ಡಸದ ಮೂರು ದಿನ ನೆಲವನ್ನು ಉಳದೆ, ಅಗೆಯದೆ ಬಿಡುವ ವಾಡಿಕೆಯಿದೆ. ಅದರ ಹಿಂದಿನ ಭಾವನೆ ಬೇರೆಯಾದರೂ, ನೆಲಕ್ಕೂ ವಿಶ್ರಾಂತಿ ಬೇಕೆಂಬ ಸಂಯಮ ಶ್ರಾವಕನಿಗೆ ಪರಕೀಯವಲ್ಲ.

ಬಳಸುವ ಕ್ರಮದಲ್ಲಿಯೂ ಧರ್ಮಕ್ಕೆ ಎಡೆಯಿದೆ. ಮುನಿಯು ವಸ್ತುವನ್ನು ಎತ್ತುವಾಗಲೂ ಇಡುವಾಗಲೂ ಮೊದಲು ನೋಡಿ, ಪಿಂಛದಿಂದ ಮೃದುವಾಗಿ ಸವರುತ್ತಾನೆ. ಆದಾನನಿಕ್ಷೇಪಣ ಸಮಿತಿಯೆಂದು ಅದಕ್ಕೆ ಹೆಸರು. ಗೃಹಸ್ಥನು ಅದರ ನೆರಳನ್ನಾದರೂ ಅನುಸರಿಸಬಹುದು. ಕುಳಿ ಬೇಕಾದ ಜಾಗದಲ್ಲಿನ ತರಗೆಲೆಗಳನ್ನು ಮೊದಲು ಕೈಯಿಂದ ಸರಿಸಿ, ಇರುವೆಯ ಸಾಲೋ ಗೂಡೋ ಕಂಡರೆ ಒಂದು ಮೊಳ ಆಚೆ ಸರಿಯಬೇಕು. ಮೇಲಿನ ಒಂದೆರಡು ಅಂಗುಲ ಮಣ್ಣನ್ನು ಕೈಗುದ್ದಲಿಯಿಂದ ಬಿಡಿಸಿ ನೋಡಿ, ಆಮೇಲೆ ಯಂತ್ರವನ್ನಿಡಬೇಕು. ಅತಿ ಕಡಿಮೆ ವೇಗದಲ್ಲಿ ತಿರುಗಿಸಿ, ಸ್ವಲ್ಪ ಇಳಿಸಿ, ಮೇಲೆತ್ತಿ, ಬಂದ ಮಣ್ಣನ್ನು ನೋಡಿ, ಮತ್ತೆ ಇಳಿಸಬೇಕು.

ವಿಶೇಷವೆಂದರೆ ಈ ಯಂತ್ರಗಳನ್ನು ಬಲ್ಲವರು ಹೇಳುವ ಮಾತೂ ಇದೇ. ವೇಗವಾಗಿ ತಿರುಗುವ ಆಗರ್ ಬೇರಿಗೋ ಕಲ್ಲಿಗೋ ಸಿಕ್ಕಿಕೊಂಡರೆ ಡ್ರಿಲ್ ಒಮ್ಮೆಲೇ ಹೊರಳಿ ಮಣಿಕಟ್ಟನ್ನು ತಿರುಚಿಬಿಡುತ್ತದೆ. ಆದ್ದರಿಂದ ಪಕ್ಕದ ಹಿಡಿಯನ್ನು ಭದ್ರವಾಗಿ ಹಿಡಿದು, ನಿಧಾನವಾಗಿ, ಆಗಾಗ ಮೇಲೆತ್ತಿ ಮಣ್ಣು ಉದುರಿಸುತ್ತ ಕೊರೆಯಬೇಕು. ಅಂಟುಮಣ್ಣಿನಲ್ಲಿ ಅವಸರದಿಂದ ಕೊರೆದ ಕುಳಿಯ ಗೋಡೆ ನುಣುಪಾಗಿ ಬಿಗಿದುಕೊಂಡು, ಎಳೆಯ ಬೇರು ಹೊರಗೆ ಚಾಚಲಾರದೆ ಒಳಗೇ ಸುತ್ತುತ್ತದೆ. ನಿಧಾನವು ಹುಳುವನ್ನು ಉಳಿಸುತ್ತದೆ, ಸಸಿಯನ್ನು ಉಳಿಸುತ್ತದೆ, ಹಿಡಿದವನ ಕೈಯನ್ನೂ ಉಳಿಸುತ್ತದೆ. ದಯೆ ಯಾವಾಗಲೂ ಪರರಿಗಷ್ಟೇ ಲಾಭವಲ್ಲ.

ತೋಡಿದ ಕುಳಿಯನ್ನು ಬರಿದೇ ಬಿಟ್ಟು ರಾತ್ರಿ ಕಳೆಯಬಾರದು. ಕಪ್ಪೆಮರಿಗಳು, ಜೀರುಂಡೆಗಳು ಬಿದ್ದರೆ ನುಣುಪಾದ ಗೋಡೆಯನ್ನು ಏರಿ ಬರಲಾರವು. ಸಸಿ ಎಷ್ಟೋ ಕುಳಿ ಅಷ್ಟೇ, ಕುಳಿ ತೋಡಿದೊಡನೆ ಸಸಿ, ಸಸಿಯೊಡನೆ ಮಣ್ಣು ಎಂಬ ನಿಯಮವಿದ್ದರೆ ಸಾಕು. ಸಿಕ್ಕಿದ ಎರೆಹುಳುವನ್ನು ಬಿಸಿಲಿನಲ್ಲಿ ಬಿಡದೆ, ನೆರಳಿನ ತೇವದ ಮಣ್ಣಿಗೆ ಸೇರಿಸಬೇಕು. ಅದು ಉಸಿರಾಡುವುದು ತೇವದ ಚರ್ಮದ ಮೂಲಕ, ಚರ್ಮ ಒಣಗಿದರೆ ಅದರ ಪ್ರಾಣವೂ ಹೋಗುತ್ತದೆ.

ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದದ್ದು, ಇಲ್ಲಿ ಯಂತ್ರ ಬೇಕೇ ಎಂಬುದು. ಎರೆಹುಳು ಸ್ವತಃ ನೆಲವನ್ನು ಅಗೆಯುವ ಜೀವಿ. ಚಾರ್ಲ್ಸ್ ಡಾರ್ವಿನ್ 1881ರಲ್ಲಿ ಎರೆಹುಳುಗಳ ಕಾರ್ಯವನ್ನು ಕುರಿತೇ ಒಂದು ಗ್ರಂಥವನ್ನು ಪ್ರಕಟಿಸಿದನು. ಮೇಲ್ಮಣ್ಣನ್ನು ಅವು ಹೇಗೆ ಮತ್ತೆ ಮತ್ತೆ ಮಗುಚಿ ಹದಗೊಳಿಸುತ್ತವೆ ಎಂಬುದನ್ನು ಅದರಲ್ಲಿ ತೋರಿಸಿದನು. ಹುಳುಗಳು ಸಮೃದ್ಧವಾಗಿರುವ ಹಿತ್ತಲಿನ ಮಣ್ಣು ಸಡಿಲವಾಗಿಯೇ ಇರುತ್ತದೆ. ಅಲ್ಲಿ ಚೆಂಡುಹೂವಿನಂಥ ಸಣ್ಣ ಸಸಿಗೆ ಒಂದು ಮರದ ಗೂಟವೋ ಕೈಬೆರಳೋ ಸಾಕು. ಯಾವ ನೆಲದಲ್ಲಿ ಯಂತ್ರದಿಂದ ಹೆಚ್ಚು ಹಾನಿಯೋ ಆ ನೆಲಕ್ಕೆ ಯಂತ್ರದ ಅಗತ್ಯವೂ ಕಡಿಮೆ. ಗೊಬ್ಬರ ಹಾಕಲು ಗಿಡದ ಸುತ್ತ ಕುಳಿ ಕೊರೆಯುವ ಬದಲು ಮೇಲೆಯೇ ಹರಡಿ ತರಗೆಲೆ ಮುಚ್ಚಿದರೆ, ಅದನ್ನು ಕೆಳಗಿಳಿಸುವ ಕೆಲಸವನ್ನು ಹುಳುಗಳೇ ಮಾಡುತ್ತವೆ. ಗಟ್ಟಿ ನೆಲದಲ್ಲಿ ಮಾವೋ ಹಲಸೋ ನೆಡಬೇಕಾದಾಗ ಯಂತ್ರ ನೆರವಿಗೆ ಬರಲಿ, ಅದು ಅದರ ಸ್ಥಾನ.

ಇಷ್ಟು ಎಚ್ಚರ ವಹಿಸಿದರೂ ಹಿಂಸೆ ಶೂನ್ಯವಾಗುವುದಿಲ್ಲ. ಆದ್ದರಿಂದಲೇ ಪ್ರತಿಕ್ರಮಣವಿದೆ. ಸಂಜೆ ಕೈಕಾಲು ತೊಳೆದು ಕುಳಿತು, ಅಂದು ತನ್ನಿಂದ ನೊಂದ ಜೀವಗಳನ್ನು ನೆನೆದು, ಆದದ್ದು ತಪ್ಪೆಂದು ಒಪ್ಪಿಕೊಳ್ಳುವುದು ಅದರ ತಿರುಳು. ಆದರೆ ನೋಡದೆ ಕೊಂದದ್ದನ್ನು ನೆನೆಯುವುದು ಹೇಗೆ? ಹಗಲಿನಲ್ಲಿ ಕಣ್ಣು ತೆರೆದಿದ್ದವನಿಗೆ ಮಾತ್ರ ಸಂಜೆಯ ಪ್ರತಿಕ್ರಮಣ ಸಾರ್ಥಕ. ನಾಳೆಯೂ ಹಾಗೆಯೇ ಮಾಡುವೆನೆಂಬ ಮನಸ್ಸಿಟ್ಟುಕೊಂಡು ಇಂದು ಕ್ಷಮೆ ಬೇಡುವುದು ಲೆಕ್ಕ ಚುಕ್ತಾ ಮಾಡುವ ವ್ಯವಹಾರ, ಧರ್ಮವಲ್ಲ.

ಮೂಡುಬಿದಿರೆಯ ಆ ಮನೆಯಲ್ಲಿ ಉಳಿದ ಮೂವತ್ತು ಸಸಿಗಳ ಕತೆ ಸರಳವಾಗಿ ಮುಗಿಯಿತು. ಮಗ ಯಂತ್ರವನ್ನು ಒರೆಸಿ ಒಳಗಿಟ್ಟರು. ಹತ್ತು ಸಸಿಗಳನ್ನು ಪಕ್ಕದ ಮನೆಗೆ ಕೊಟ್ಟರು. ಉಳಿದ ಇಪ್ಪತ್ತನ್ನು ಮಣೆಯ ಮೇಲೆ ಕುಳಿತು, ಗೂಟದಿಂದ ಮಣ್ಣು ಬಿಡಿಸಿ, ದಿನಕ್ಕೆ ಐದರಂತೆ ನೆಟ್ಟರು. ತಾಯಿ ಜಗಲಿಯಿಂದ ಇಳಿದು ಬಂದು ಒಂದೊಂದು ಸಸಿಯನ್ನು ಕೈಗೆ ಕೊಟ್ಟರು. ಅವಸರದಲ್ಲಿ ಅರ್ಧ ಗಂಟೆಯೂ ಹಿಡಿಯದಿದ್ದ ಕೆಲಸ ನಾಲ್ಕು ದಿನ ಹಿಡಿಯಿತು, ಬೆನ್ನೂ ನೋಯಲಿಲ್ಲ. ಗೋಡೆಯಾಚೆಯ ಗಟ್ಟಿ ನೆಲದಲ್ಲಿ ಹಲಸಿನ ಗಿಡ ನೆಡುವ ದಿನ ಯಂತ್ರ ಮತ್ತೆ ಹೊರಬರಬಹುದು. ಅಂದು ಅದನ್ನು ಹಿಡಿಯುವ ಕೈ ಬೇರೆಯ ಕೈಯಾಗಿರುತ್ತದೆ.

ದಶಲಕ್ಷಣ ಪರ್ವದ ಮೊದಲ ಧರ್ಮ ಉತ್ತಮ ಕ್ಷಮೆ, ಪರ್ವ ಮುಗಿದ ಮೇಲೆ ಬರುವುದು ಕ್ಷಮಾವಾಣಿ. ಅಂದು ಬಂಧುಮಿತ್ರರಲ್ಲಿ ಕೈಮುಗಿದು ಕ್ಷಮೆ ಬೇಡುವ ಶ್ರಾವಕನು ಸಕಲ ಜೀವಗಳಲ್ಲಿಯೂ ಬೇಡುತ್ತಾನೆ. ಆ ಸಕಲದಲ್ಲಿ ತನ್ನ ಹಿತ್ತಲಿನ ಮಣ್ಣಿನಡಿಯ, ಮಾತಿಲ್ಲದ, ಕಣ್ಣಿಲ್ಲದ ಜೀವವೂ ಸೇರಿದೆ ಎಂಬ ನೆನಪು ಕುಳಿ ತೋಡುವ ಮುನ್ನವೇ ಬಂದರೆ, ಬಸದಿಗೆ ಒಯ್ದ ಹೂವು ನಿಜವಾಗಿ ಪೂಜೆಗೆ ಸಲ್ಲುತ್ತದೆ.